ದೋಣಿಯ ಹಿಂಬದಿ ಹಲಗೆ ಕೊಳೆತರೆ ದುರಸ್ತಿ ಹೇಗೆ?

ಲೋಕಾಪುರದ ಉತ್ತರಕ್ಕೆ ಘಟಪ್ರಭೆ, ಅದರಾಚೆ ಜಮಖಂಡಿ ಸೀಮೆಯಲ್ಲಿ ಕೃಷ್ಣೆ. 1989ರಲ್ಲಿ ಕೃಷ್ಣಾ ತೀರದ ರೈತರು ತಾವೇ ಮುಂದಾಗಿ ಚಿಕ್ಕಪಡಸಲಗಿಯಲ್ಲಿ ಬ್ಯಾರೇಜು ಕಟ್ಟಿಕೊಂಡರು. ನದಿಯ ನಡುಗಡ್ಡೆಯಲ್ಲಿ ಹೊಲವುಳ್ಳವರಿಗೆ ದೋಣಿಯೇ ಬಂಡಿ. ಮೋಟಾರಿನ ಭಾರವನ್ನೆಲ್ಲ ಹೊರುವುದು ಅದರ ಹಿಂಬದಿಯ ಅಡ್ಡ ಹಲಗೆ. ನಡುನೀರಿನಲ್ಲಿ ಅದು ಮುರಿದರೆ ಮೋಟಾರಷ್ಟೇ ಅಲ್ಲ, ಜೀವವೂ ಹೋದೀತು.

ಕೊಳೆಯಲು ಕಾರಣ

ಫೈಬರ್ ದೋಣಿಗಳಲ್ಲಿ ಈ ಹಲಗೆ ಸಾಮಾನ್ಯವಾಗಿ ಎರಡು ಫೈಬರ್ ಪದರಗಳ ನಡುವಿನ ಪ್ಲೈವುಡ್. ಬೋಲ್ಟಿನ ತೂತುಗಳಿಂದ ಒಳಸೇರಿದ ನೀರು ಆರುವುದಿಲ್ಲ. ಒದ್ದೆ ಕಟ್ಟಿಗೆಯನ್ನು ಶಿಲೀಂಧ್ರ ತಿನ್ನುತ್ತದೆ. ಹೊರಗೆ ಬಣ್ಣ ಹೊಳೆಯುತ್ತಿದ್ದರೂ ಒಳಗೆ ಹಿಟ್ಟಾಗಿರಬಹುದು.

ಪರೀಕ್ಷೆ

ಸುತ್ತಿಗೆಯಿಂದ ಮೆಲ್ಲಗೆ ಬಡಿಯಿರಿ. ಗಟ್ಟಿ ಹಲಗೆ ಟಣ್ ಎನ್ನುತ್ತದೆ, ಕೊಳೆತದ್ದು ಡಬ್ ಎನ್ನುತ್ತದೆ. ಒಳಬದಿಯಿಂದ ಸಣ್ಣ ಬೈರಿಗೆಯಲ್ಲಿ ಕೊರೆದಾಗ ಒದ್ದೆಯಾದ ಕಪ್ಪು ಪುಡಿ ಬಂದರೆ ಅನುಮಾನ ಬೇಡ. ಮೋಟಾರು ಹಿಡಿದು ಅಲುಗಿಸಿದಾಗ ಹಲಗೆ ಬಾಗಬಾರದು.

ದುರಸ್ತಿ ಕ್ರಮ

1. ಬೇಸಿಗೆಯಲ್ಲಿ ದೋಣಿಯನ್ನು ದಡಕ್ಕೆಳೆದು, ತಿರುಚದಂತೆ ಸಮನಾಗಿ ಆನಿಸಿ ನಿಲ್ಲಿಸಿ, ಮೋಟಾರು ಇಳಿಸಿರಿ.

2. ಒಳಬದಿಯ ಫೈಬರನ್ನು ಅಂಚಿನಲ್ಲಿ ಎರಡು ಅಂಗುಲ ಬಿಟ್ಟು ಕತ್ತರಿಸಿರಿ. ಹೊರಪದರಕ್ಕೆ ಪೆಟ್ಟು ಬೀಳಬಾರದು.

3. ಕೊಳೆತದ್ದನ್ನು ಅಂಚಿನೊಳಗಿಂದಲೂ ಪೂರ್ತಿ ಕೆತ್ತಿ ತೆಗೆಯಿರಿ. ನೆರಳುಗಾಳಿಯಲ್ಲಿ ಚೆನ್ನಾಗಿ ಆರಬಿಡಿ. ಅವಸರ ಕೂಡದು.

4. ಐ.ಎಸ್. 710 ಗುರುತಿನ ಮೆರೈನ್ ಪ್ಲೈವುಡ್ಡನ್ನು ಹಳೆಯ ದಪ್ಪಕ್ಕೆ ಸರಿಯಾಗಿ ಕೊಯ್ದುಕೊಳ್ಳಿರಿ. 18 ಮಿ.ಮೀ.ನ ಎರಡು ಹಲಗೆ ಅಂಟಿಸಿದರೆ 36 ಮಿ.ಮೀ. ಆಗುತ್ತದೆ. ಅಂಚುಗಳಿಗೂ ಎಪಾಕ್ಸಿ ಬಳಿಯಿರಿ.

5. ಎಪಾಕ್ಸಿಯಿಂದ ಹೊರಪದರಕ್ಕೆ ಅಂಟಿಸಿ ಕ್ಲಾಂಪಿನಿಂದ ಬಿಗಿಯಿರಿ. ಅಂಟೆಲ್ಲ ಹೊರಗೆ ಹಿಂಡಿಹೋಗುವಷ್ಟು ಬಿಗಿಯಬೇಡಿ. ಹಾರ್ಡನರ್ ಪ್ರಮಾಣ ಡಬ್ಬಿಯ ಮೇಲಿನಂತೆಯೇ ಇರಲಿ. ಹೆಚ್ಚು ಹಾಕಿದರೆ ಗಟ್ಟಿಯಾಗದು, ಕೆಡುತ್ತದೆ.

6. ಮೂಲೆಗಳನ್ನು ದಪ್ಪ ಎಪಾಕ್ಸಿಯಿಂದ ದುಂಡಗೆ ತುಂಬಿ, ಗಾಜಿನ ನಾರಿನ ಬಟ್ಟೆಯನ್ನು ಪದರ ಪದರವಾಗಿ ಹಚ್ಚಿ, ತಳ ಹಾಗೂ ಪಕ್ಕದ ಗೋಡೆಗಳಿಗೂ ಹಾಯಿಸಿರಿ.

7. ಬೋಲ್ಟಿನ ತೂತನ್ನು ಅಗತ್ಯಕ್ಕಿಂತ ದೊಡ್ಡದಾಗಿ ಕೊರೆದು ಎಪಾಕ್ಸಿ ತುಂಬಿರಿ. ಒಣಗಿದ ಮೇಲೆ ಅದರ ನಡುವೆ ಸರಿಯಾದ ತೂತು ಹಾಕಿರಿ. ಆಗ ನೀರಿಗೆ ಕಟ್ಟಿಗೆ ಸಿಗದು. ಈ ಹೆಜ್ಜೆ ಬಿಟ್ಟರೆ ಹೊಸ ಹಲಗೆಯೂ ಕೊಳೆಯುತ್ತದೆ.

ಎಚ್ಚರಿಕೆ

ಕೊಳೆತದ್ದರ ಮೇಲೆ ಪಟ್ಟಿ ಬಡಿದು ಬಣ್ಣ ಬಳಿದರೆ ರೋಗ ಮುಚ್ಚಿದಂತೆ, ವಾಸಿಯಾದಂತಲ್ಲ. ಫೈಬರ್ ಉಜ್ಜುವಾಗ ಮುಖವಾಡ, ಕನ್ನಡಕ, ಕೈಗವಸು ಧರಿಸಿರಿ; ಬೀಡಿ, ಬೆಂಕಿ ದೂರವಿರಲಿ. ತಳದ ಕೂಡುಗಳೂ ಬಿರಿದಿದ್ದರೆ ಅನುಭವಿ ದೋಣಿ ಕೆಲಸಗಾರರಿಗೆ ಒಪ್ಪಿಸಿರಿ. ದುರಸ್ತಿಯಾದ ದೋಣಿಯನ್ನು ಮೊದಲು ಹಗ್ಗ ಕಟ್ಟಿ ದಡದ ಬಳಿಯೇ ಓಡಿಸಿ ನೋಡಿರಿ. ಆಮೇಲಷ್ಟೇ ಜನರನ್ನು ಹತ್ತಿಸಿರಿ.