ಹರಿಗೋಲಿನ ಬೇಸಿಗೆ

ಸಿರುಗುಪ್ಪದ ಬಳಿ ಬೇಸಿಗೆಯ ತುಂಗಭದ್ರೆಯು ಒಂದೇ ಹೊಳೆಯಾಗಿ ಹರಿಯುವುದಿಲ್ಲ. ಮರಳದಿಣ್ಣೆಗಳ ನಡುವೆ ಹಲವು ಸೀಳುಗಳಾಗಿ ಒಡೆದು, ಬಂಡೆಗಳ ಬುಡದಲ್ಲಿ ಮಡುಗಟ್ಟಿ, ಮುಂದೆಲ್ಲೋ ಮತ್ತೆ ಕೂಡಿಕೊಳ್ಳುತ್ತದೆ. 1953ರಲ್ಲಿ ಹೊಸಪೇಟೆಯ ಬಳಿಯ ಜಲಾಶಯದಿಂದ ಕಾಲುವೆಗಳಿಗೆ ನೀರು ಹರಿಯತೊಡಗಿದ ಮೇಲೆ ಬಯಲು ಹಸಿರಾಯಿತು. ಬೇಸಿಗೆಯ ಹೊಳೆ ಮಾತ್ರ ಇನ್ನಷ್ಟು ಬಡವಾಯಿತು. ಇಂತಹ ನೀರಿನಲ್ಲಿ ಚೂಪು ತಳದ ದೋಣಿ ನೆಲಕ್ಕೆ ತಾಗಿ ನಿಂತುಬಿಡುತ್ತದೆ. ಹರಿಗೋಲಾದರೋ ಮೊಣಕಾಲು ಮುಳುಗುವಷ್ಟು ನೀರಿದ್ದರೂ ತೇಲುತ್ತದೆ.

ಅಂತಹ ಒಂದು ಹರಿಗೋಲಿಗಾಗಿ ಬಳ್ಳಾರಿಯ ಹುಡುಗಿಯೊಬ್ಬಳು ವರ್ಷವಿಡೀ ಕಾಯುತ್ತಿದ್ದಳು. ಅವಳ ತಾಯಿಯ ತವರು ಸಿರುಗುಪ್ಪದ ಹತ್ತಿರದ ಹೊಳೆದಂಡೆಯ ಹಳ್ಳಿ, ತಾತ ಅಂಬಿಗ. ರಜೆ ಬಂತೆಂದರೆ ತಾಯಿ, ಮಗಳು, ಚಿಕ್ಕ ಮಗ ಅಲ್ಲಿಗೆ ಹೊರಡುವರು. ಹೊಳೆಗೆ ಸೇತುವೆಯಾದಂದಿನಿಂದ ದಾಟುವವರು ಕಡಿಮೆಯಾಗಿದ್ದರು. ಆದರೂ ತಾತ ಹರಿಗೋಲನ್ನು ಬಿಟ್ಟಿರಲಿಲ್ಲ.

ಬಿದಿರನ್ನು ಸೀಳಿ, ಬುಟ್ಟಿ ಹೆಣೆದಂತೆ ಹೆಣೆದು, ಅಂಚಿಗೆ ದಪ್ಪ ದಬ್ಬೆಗಳನ್ನು ಕಟ್ಟಿದರೆ ಅದರ ಮೈ ಸಿದ್ಧವಾಗುತ್ತದೆ. ಹಿಂದೆ ಅದಕ್ಕೆ ಚರ್ಮದ ಹೊದಿಕೆಯಿತ್ತು. ಈಗ ಪ್ಲಾಸ್ಟಿಕ್ ಹಾಳೆಯೂ ಡಾಂಬರೂ ಆ ಕೆಲಸವನ್ನು ಮಾಡುತ್ತವೆ. ಕೆಲಸ ಮುಗಿದ ಮೇಲೆ ಅದನ್ನು ಮಗುಚಿ ತಲೆಯ ಮೇಲೆ ಹೊತ್ತು ನಡೆಯಬಹುದು. ದೂರದಿಂದ ನೋಡಿದವರಿಗೆ ದೊಡ್ಡದೊಂದು ಆಮೆ ಎರಡು ಕಾಲಿನ ಮೇಲೆ ನಡೆದು ಬಂದಂತೆ ತೋರುತ್ತದೆ.

ಈ ದೋಣಿ ಬಹಳ ಹಳೆಯದು. 16ನೆಯ ಶತಮಾನದ ಆದಿಭಾಗದಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಬುಟ್ಟಿಯಂತೆ ದುಂಡಾದ ಈ ದೋಣಿಗಳು ನೇರವಾಗಿ ಸಾಗದೆ ಸದಾ ತಿರುಗುತ್ತಿರುವುದನ್ನು ಕಂಡು ಬರೆದಿಟ್ಟಿದ್ದಾನೆ. ಅವನಿಗಿಂತ ಸುಮಾರು ಎರಡು ಸಾವಿರ ವರ್ಷ ಮೊದಲು ಗ್ರೀಕ್ ಇತಿಹಾಸಕಾರ ಹೆರೊಡೋಟಸನು ಬ್ಯಾಬಿಲೋನಿನ ದುಂಡು ದೋಣಿಗಳ ವಿಚಾರವನ್ನು ಹೇಳಿದ್ದಾನೆ. ಅಲ್ಲಿನ ವರ್ತಕರು ದೋಣಿಯಲ್ಲಿ ಸರಕಿನೊಡನೆ ಒಂದು ಕತ್ತೆಯನ್ನೂ ಏರಿಸಿಕೊಂಡು ಹೊಳೆಯ ಸೆಳವಿನೊಡನೆ ಇಳಿದು ಬರುತ್ತಿದ್ದರಂತೆ. ಸರಕನ್ನೂ ದೋಣಿಯ ಕಟ್ಟಿಗೆಯನ್ನೂ ಮಾರಿ, ಚರ್ಮವನ್ನು ಕತ್ತೆಯ ಮೇಲೆ ಹೇರಿ, ನೆಲದ ಹಾದಿಯಲ್ಲಿ ನಿಧಾನವಾಗಿ ಊರಿಗೆ ಮರಳುತ್ತಿದ್ದರಂತೆ. ಸೆಳವಿಗೆ ಎದುರಾಗಿ ದುಂಡು ದೋಣಿಯನ್ನು ನಡೆಸುವುದು ಆಗದ ಮಾತು.

ಹುಡುಗಿಗೂ ಆ ತಿರುಗಾಟವೇ ಮೊದಲ ಕಷ್ಟ. ಬಲಗಡೆ ಹುಟ್ಟು ಹಾಕಿದರೆ ಹರಿಗೋಲು ಎಡಕ್ಕೆ ಸುತ್ತುವುದು. ಗಾಬರಿಯಿಂದ ಎಡಗಡೆ ಹಾಕಿದರೆ ಬಲಕ್ಕೆ. ತಮ್ಮ ಚಪ್ಪಾಳೆ ತಟ್ಟಿ ನಗುವನು. ತಾತ ದಡದಲ್ಲಿ ಹಗ್ಗ ಹಿಡಿದು ಕುಳಿತು, "ಪಕ್ಕಕ್ಕೆ ಬೇಡ ತಾಯಿ, ಮುಂದಕ್ಕೆ ಹಾಕು. ನೀರನ್ನು ನಿನ್ನ ಕಡೆಗೆ ಎಳೆದುಕೋ" ಎನ್ನುವನು. ಹತ್ತು ದಿನಗಳಲ್ಲಿ ಹರಿಗೋಲು ಮಡುವಿನ ಆಚೆ ದಡವನ್ನು ಮುಟ್ಟಿತು. ಆಮೇಲೆ ತಾತ ಎರಡನೆಯ ಪಾಠ ಹೇಳಿದನು: ಸೆಳವಿರುವಾಗ ಎದುರಿನ ಗುರಿಗೆ ನೇರವಾಗಿ ಹೊರಡಬಾರದು. ಹರಿಗೋಲನ್ನು ದಡದಗುಂಟ ಮೇಲಕ್ಕೆ ಎಳೆದುಕೊಂಡು ಹೋಗಿ, ಅಲ್ಲಿಂದ ಓರೆಯಾಗಿ ಬಿಡಬೇಕು. ಉಳಿದ ದಾರಿಗೆ ಹೊಳೆಯೇ ಕೈಗೂಡಿಸುತ್ತದೆ.

ಆ ಬೇಸಿಗೆಯಲ್ಲಿ ಆತ ಒಮ್ಮೆಯೂ ತಾನಾಗಿ ಹುಟ್ಟು ಹಿಡಿಯಲಿಲ್ಲ. ಎರಡು ಕಣ್ಣಿಗೂ ಪೊರೆ ಬಂದಿತ್ತು. ಆಚೆ ದಡವು ಅವನಿಗೆ ಬರಿಯ ಬೆಳ್ಳನೆಯ ಗೆರೆ. ಮನೆಯವರೆಲ್ಲರೂ ಬಲವಂತಪಡಿಸಿದ ಮೇಲೆ ಬಳ್ಳಾರಿಗೆ ಬಂದು ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಲು ಒಪ್ಪಿದನು.

ಹುಡುಗಿಯ ತಂದೆ ಪರಿಚಿತರ ಜೀಪನ್ನು ತಂದನು. ಬಳ್ಳಾರಿಗೆ ಇರುವುದು 50 ಕಿಲೋಮೀಟರಿಗಿಂತ ತುಸು ಹೆಚ್ಚಿನ ದಾರಿ. ಅವರು ಅದಕ್ಕೆ ಇಡೀ ದಿನವನ್ನು ತೆಗೆದುಕೊಂಡರು. ತಾತನಿಗೆ ಅವಸರವಿರಲಿಲ್ಲ, ಅಥವಾ ಆಸ್ಪತ್ರೆ ಆದಷ್ಟು ತಡವಾಗಿ ಬರಲಿ ಎಂದಿತ್ತೇನೋ. ತೆಕ್ಕಲಕೋಟೆಯಲ್ಲಿ ಬುತ್ತಿ ಬಿಚ್ಚಿದರು. ಅಲ್ಲಿನ ಬೆಟ್ಟಗಳಲ್ಲಿ 1963-64ರಲ್ಲಿ ಉತ್ಖನನ ನಡೆದು, ಮೂರೂವರೆ ಸಾವಿರ ವರ್ಷಗಳಿಗೂ ಹಿಂದಿನ ನವಶಿಲಾಯುಗದ ಜನರ ದುಂಡು ಗುಡಿಸಲುಗಳ ನೆಲೆಗಳು ದೊರೆತವು. ತಂದೆ ಇದನ್ನು ಹೇಳಿದಾಗ ತಾತನು, "ದುಂಡಗಿನದನ್ನು ಕಟ್ಟುವುದು ಅವರಿಗೂ ಗೊತ್ತಿತ್ತು ಅನ್ನು" ಎಂದು ಸಮಾಧಾನಪಟ್ಟುಕೊಂಡನು.

ಮುಂದೆ ನೇರ ದಾರಿಯನ್ನು ಬಿಟ್ಟು ಪಶ್ಚಿಮಕ್ಕೆ ಹೊರಳಿ ಕುರುಗೋಡಿಗೆ ಬಂದರು. 12ನೆಯ ಶತಮಾನದಲ್ಲಿ ಸಿಂದ ಅರಸರು ಆಳಿದ ಊರು ಅದು. ಬಂಡೆಗಲ್ಲಿನ ಬೆಟ್ಟದ ಮೇಲೆ ಕೋಟೆಯ ಗೋಡೆಗಳು ಇನ್ನೂ ನಿಂತಿವೆ. ತಾತನಿಗೆ ಬೇಕಾಗಿದ್ದುದು ದೊಡ್ಡಬಸವೇಶ್ವರನ ದರ್ಶನ. ಗರ್ಭಗುಡಿಯಲ್ಲಿ ಕುಳಿತಿರುವ ಆ ಬಸವನು ಆಳೆತ್ತರವನ್ನು ಮೀರಿದವನು. ಮೊಮ್ಮಗಳು ಕೈಹಿಡಿದು ಕರೆದುಕೊಂಡು ಹೋಗಿ, "ಕಾಣಿಸುತ್ತದೆಯೇ ತಾತ?" ಎಂದಳು. "ಇಷ್ಟು ದೊಡ್ಡವನು ಕಾಣದೆ ಇರುತ್ತಾನೆಯೇ?" ಎಂದು ಕೈಮುಗಿದನು. ಆದರೆ ಹೊರಗೆ ಬರುವಾಗ ಹೊಸ್ತಿಲು ಕಾಣದೆ ಎಡವಿದನು. ಆಮೇಲೆ ಆಸ್ಪತ್ರೆಯ ಮಾತು ಬಂದಾಗ ಆತ ತಕರಾರು ಮಾಡಲಿಲ್ಲ.

ಹೊತ್ತು ಇಳಿಯುವಾಗ ಬಳ್ಳಾರಿಯ ಕೋಟೆಗುಡ್ಡ ಕಣ್ಣಿಗೆ ಬಿತ್ತು. ತಾತನು ಬಹಳ ಹೊತ್ತಿನಿಂದ ಮಾತನಾಡಿರಲಿಲ್ಲ. ನಿದ್ದೆ ಹೋಗಿರಬೇಕೆಂದು ಎಲ್ಲರೂ ತಿಳಿದಿದ್ದಾಗ ಮೊಮ್ಮಗಳ ಕಡೆಗೆ ಬಾಗಿ ಕೇಳಿದನು:

"ಮಳೆಗಾಲ ಬಂತು, ಹೊಳೆ ಕೆಂಪಾಗಿ ತುಂಬಿ ಹರಿಯುತ್ತಿದೆ. ಆಚೆ ದಡದಲ್ಲಿ ಒಬ್ಬರು ಕೂಗುತ್ತಿದ್ದಾರೆ. ಏನು ಮಾಡುತ್ತೀ?"

ಹುಡುಗಿ ಸ್ವಲ್ಪ ಯೋಚಿಸಿದಳು.

"ನೀರು ಇಳಿಯುವ ತನಕ ಬಿಡುವುದಿಲ್ಲ, ತಾತ. ಇಳಿದ ಮೇಲೆ ಮೇಲಕ್ಕೆ ಎಳೆದುಕೊಂಡು ಹೋಗುತ್ತೇನೆ."

ತಾತನು ಸೀಟಿಗೆ ಒರಗಿ ಕಣ್ಣು ಮುಚ್ಚಿಕೊಂಡನು.