ಹೆಪ್ಪುಗಟ್ಟಿದ ಭುಜ

ನಮ್ಮ ದೇಹದಲ್ಲಿ ಎಲ್ಲಕ್ಕಿಂತ ಹೆಚ್ಚು ಕಡೆ ತಿರುಗುವ ಕೀಲು ಯಾವುದು ಗೊತ್ತೇ? ಭುಜದ ಕೀಲು. ತೋಳಿನ ಮೂಳೆಯ ಗುಂಡನೆಯ ತಲೆ, ಹೆಗಲ ಮೂಳೆಯ ಒಂದು ಸಣ್ಣ ಗುಳಿಯಲ್ಲಿ ಕೂತಿರುತ್ತದೆ. ಗುಳಿ ತಟ್ಟೆಯ ಹಾಗೆ, ಆಳವಿಲ್ಲ. ಅದಕ್ಕೇ ನಾವು ಕವಣೆಯನ್ನೂ ಬೀಸಬಹುದು, ಬೆನ್ನನ್ನೂ ಕೆರೆದುಕೊಳ್ಳಬಹುದು. ಕೀಲಿನ ಸುತ್ತ ಒಂದು ಚೀಲವಿದೆ. ಅದು ಊದಿ, ದಪ್ಪವಾಗಿ, ಕುಗ್ಗಿಬಿಟ್ಟರೆ ತೋಳು ಬಿಗಿದುಕೊಳ್ಳುತ್ತದೆ. ಇದಕ್ಕೆ 'ಫ್ರೋಜನ್ ಶೋಲ್ಡರ್' ಎಂದು 1934ರಲ್ಲಿ ಹೆಸರಿಟ್ಟವರು ಅಮೆರಿಕದ ಶಸ್ತ್ರವೈದ್ಯ ಕಾಡ್‌ಮನ್. 40ರಿಂದ 60 ವರ್ಷದವರಿಗೆ, ಅದರಲ್ಲೂ ಹೆಂಗಸರಿಗೆ ಮತ್ತು ಸಕ್ಕರೆ ಕಾಯಿಲೆ ಇರುವವರಿಗೆ ಇದು ಹೆಚ್ಚು.

ನಮ್ಮಮ್ಮನಿಗೂ ಇದೇ ಆಗಿದೆ. ಜಡೆ ಹಾಕಿಕೊಳ್ಳೋಕೆ ಕೈ ಏಳಲ್ಲ, ರಾತ್ರಿ ಆ ಮಗ್ಗುಲಿಗೆ ಮಲಗೋಕೂ ಆಗಲ್ಲ. ನಾನೇ ಹಿಡಿದು ಎತ್ತಿದರೂ ಕೈ ಅರ್ಧಕ್ಕೇ ನಿಲ್ಲುತ್ತದೆ. ಇದು ಈ ಕಾಯಿಲೆಯ ಮುಖ್ಯ ಗುರುತು ಎಂದು ಆಸ್ಪತ್ರೆಯಲ್ಲಿ ಹೇಳಿದರು. ಊರಲ್ಲಿ ಎಲ್ಲರೂ "ಕೈ ಅಲ್ಲಾಡಿಸಬೇಡ, ಟವಲ್ಲಿನಲ್ಲಿ ಕಟ್ಟಿಕೋ" ಅಂದಿದ್ದರು. ಕಟ್ಟಿಟ್ಟರೆ ಬಿಗಿತ ಇನ್ನೂ ಹೆಚ್ಚುತ್ತದಂತೆ. ಹಾಗಂತ ಯಾರೋ ಹಿಡಿದು ಜಗ್ಗಿ "ಲಟಕ್" ಅನ್ನಿಸುವುದಂತೂ ಬೇಡವೇ ಬೇಡ.

ಮೊದಲು ಕಲಿಸಿದ್ದು ಕಾಡ್‌ಮನ್ ಹೆಸರಿನದೇ ವ್ಯಾಯಾಮ. ಒಳ್ಳೆಯ ಕೈಯನ್ನು ಮೇಜಿಗೆ ಊರಿ, ಮುಂದಕ್ಕೆ ಬಗ್ಗಿ, ನೋಯುವ ಕೈಯನ್ನು ಸಡಿಲವಾಗಿ ಇಳಿಬಿಡಬೇಕು. ಮೈಯನ್ನು ಮೆಲ್ಲಗೆ ತೂಗಿದರೆ ಕೈ ತಾನೇ ಲೋಲಕದ ಹಾಗೆ ತೂಗುತ್ತದೆ. (ಲೋಲಕ ನಮ್ಮ ವಿಜ್ಞಾನ ಪಾಠದಲ್ಲೇ ಇದೆ!) ಭುಜದ ಬಲ ಹಾಕಬಾರದು.

ಎರಡನೆಯದಕ್ಕೆ ಗೋಡೆ ಸಾಕು. ಎದುರು ನಿಂತು ಬೆರಳುಗಳನ್ನು ಜೇಡ ಹತ್ತುವ ಹಾಗೆ ಮೇಲಕ್ಕೆ ನಡೆಸುವುದು, ಬಿಗಿಯಾದ ಕಡೆ ಸ್ವಲ್ಪ ನಿಂತು ಹಾಗೇ ಇಳಿಸುವುದು. ಎಟುಕಿದ ಕಡೆ ನಾನು ಸೀಮೆಸುಣ್ಣದಲ್ಲಿ ಗೆರೆ ಎಳೆದು ತಾರೀಖು ಹಾಕ್ತೀನಿ. ಗೋಡೆ ಹಾಳಾಯ್ತು ಅಂತ ಅಪ್ಪ ಗೊಣಗಿದರು. ಮೊದಲ ಗೆರೆ ಸ್ವಿಚ್ ಬೋರ್ಡಿನ ಕೆಳಗಿತ್ತು, ಮೂರು ತಿಂಗಳಲ್ಲಿ ಒಂದು ಗೇಣು ಮೇಲೇರಿದೆ. ನಡುವೆ ಎರಡು ವಾರ ಒಂದೇ ಕಡೆ ನಿಂತಾಗ ಅಮ್ಮ "ಸಾಕು ಬಿಡೋ" ಅಂದುಬಿಟ್ಟಿದ್ದರು. ಈ ಕಾಯಿಲೆ ಬಿಡೋಕೆ 1ರಿಂದ 3 ವರ್ಷವೂ ಹಿಡಿಯುತ್ತದೆ, ಇನ್ನೂ ಜಡೆ ನಾನೇ ಹಾಕೋದು.

ವ್ಯಾಯಾಮದಲ್ಲಿ ಸ್ವಲ್ಪ ನೋವು ಇರುತ್ತದೆ. ಹೆಚ್ಚಿದ ನೋವು ಮರುದಿನವೂ ಇಳಿಯದಿದ್ದರೆ ಮಾಡಿದ್ದು ಜಾಸ್ತಿಯಾಯ್ತು ಅಂತ ಲೆಕ್ಕ, ಕಡಿಮೆ ಮಾಡಬೇಕು. ಬಿದ್ದು ಪೆಟ್ಟಾಗಿದ್ದರೆ, ಜ್ವರವಿದ್ದರೆ, ಎದೆನೋವಿನ ಜೊತೆ ಭುಜ ನೋಯುತ್ತಿದ್ದರೆ ಗೋಡೆ ಹತ್ತಿಸುತ್ತ ನಿಲ್ಲಬೇಡಿ, ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ.