ಕೆರೆಯ ಹಕ್ಕಿಗಳಿಗೆ ಉಣಿಸಬೇಡಿ

ಚಾಮುಂಡಿಬೆಟ್ಟದ ತಪ್ಪಲಿನಲ್ಲಿರುವ ಮೈಸೂರಿನ ಕಾರಂಜಿ ಕೆರೆಯ ಉದ್ಯಾನಕ್ಕೆ ವಿಹಾರಾರ್ಥವಾಗಿ ತೆರಳುವ ನೀವು, ಹಕ್ಕಿಗಳ ಮೇಲಣ ಅಕ್ಕರೆಯಿಂದಲೇ ಪುರಿಯನ್ನೋ ಬ್ರೆಡ್ಡಿನ ಚೂರನ್ನೋ ನೀರಿಗೆಸೆಯುವುದುಂಟು; ಆ ಔದಾರ್ಯವು ವಸ್ತುತಃ ಅಪಕಾರವೆಂಬುದನ್ನು ಮನಗಾಣಿರಿ. ಅಂತಹ ಆಹಾರವು ಹೊಟ್ಟೆಯನ್ನು ತುಂಬುವುದಲ್ಲದೆ ಪುಷ್ಟಿಯನ್ನೀಯದು; ಉಳಿದುದು ಕೊಳೆತು, ಜಲದಲ್ಲಿ ಕರಗಿದ ಆಮ್ಲಜನಕವನ್ನು ಕುಗ್ಗಿಸಿ, ಹೆಜ್ಜಾರ್ಲೆಗಳಿಗೆ ಆಹಾರವಾದ ಮೀನುಗಳಿಗೇ ಕಂಟಕವಾಗುವುದು. ಛಾಯಾಚಿತ್ರದ ಹಂಬಲದಿಂದ ಗೂಡುಗಳನ್ನು ಸಮೀಪಿಸಲೂ ಬೇಡಿರಿ. ತಾಯಿಹಕ್ಕಿ ಬೆದರಿ ಹಾರಿದೊಡನೆ ಮೊಟ್ಟೆಗಳು ಬಿಸಿಲಿಗೂ ಕಾಗೆಗಳಿಗೂ ಈಡಾಗುವುವು. ಬಿಸಿಲೇರುವ ಮುನ್ನವೇ ಹೋಗಿ, ಮಾಸಲು ಬಣ್ಣದ ಉಡುಪನ್ನು ಧರಿಸಿ, ಕಾಲುದಾರಿಯನ್ನು ಬಿಡದೆ ಮೆಲುದನಿಯಲ್ಲಿ ಮಾತನಾಡುತ್ತ ನಡೆವವರಿಗೆ ಬಣ್ಣದ ಕೊಕ್ಕರೆಗಳು ತಾವಾಗಿಯೇ ಗೋಚರಿಸುವುವು. ತಿಂಡಿಯ ಪೊಟ್ಟಣವನ್ನು ಮನೆಯಲ್ಲೇ ಬಿಟ್ಟು ದುರ್ಬೀನನ್ನು ಒಯ್ಯಿರಿ. ಮಕ್ಕಳಿಗೂ ಎಸೆಯುವುದಕ್ಕಿಂತ ನೋಡುವುದನ್ನು ಮೊದಲು ಕಲಿಸಿರಿ.